ಕೇಬಲ್‌ನಲ್ಲಿ ಚಂದನ ಮಾಯ: ಕೇಳುವ ಹಕ್ಕು ನಮಗಿದೆಯಾ?

ನಾಪೋಕ್ಲು ತೋಟದವ:
ಅಮ್ಮನಿಗೆ ಸಂಜೆ ಚಂದನದ ವಾರ್ತೆ ಬೇಕೇ ಬೇಕು. ಕೇಬಲ್‌ನವರು ಬಾಕ್ಸ್ ಬದಲಿಸಿದ ಮೇಲೆ ಚಾನೆಲ್ಲೇ ಇಲ್ಲ. ಕೇಳಿದರೆ, "ಜಾಗ ಇಲ್ಲ ಸಾರ್, ದೊಡ್ಡ ಪ್ಯಾಕ್ ಹಾಕಿಸಿ" ಅನ್ನುತ್ತಾರೆ. ಡಿಡಿ ಚಾನೆಲ್ಲಿಗೂ ದುಡ್ಡಾ? ಫ್ರೀ ಡಿಶ್ ಹಾಕಿಸೋಣ ಅಂದರೆ ಮನೆ ಸುತ್ತ ಸಿಲ್ವರ್ ಓಕ್ ಮರ, ಸಿಗ್ನಲ್‌ಗೆ ಅಡ್ಡ. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಡಿಶ್ ಕಥೆ ಹೇಳಲೇಬೇಕಾಗಿಲ್ಲ.

ಗೋಣಿಕೊಪ್ಪದ ಹಳೇ ಕೇಬಲ್‌ಕಾರ:
ಕೊಡಲೇಬೇಕು. 1995ರ ಕೇಬಲ್ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಸರ್ಕಾರ ಸೂಚಿಸಿದ ಡಿಡಿ ಚಾನೆಲ್‌ಗಳನ್ನು ಬಿಡುವ ಹಾಗಿಲ್ಲ, ಚಂದನ ಆ ಪಟ್ಟಿಯಲ್ಲಿದೆ. ಪ್ಯಾಕ್ ಮಾತೇ ಬರುವುದಿಲ್ಲ.

"ಜಾಗ ಇಲ್ಲ" ಅನ್ನುವುದು ನಮ್ಮ ಕಾಲದ ನೆಪ. ಆಗ ಅದು ಸುಳ್ಳೂ ಅಲ್ಲ. ಕಂಟ್ರೋಲ್ ರೂಮಿನಲ್ಲಿ ಒಂದೊಂದು ಚಾನೆಲ್ಲಿಗೂ ಅದನ್ನು ಲೈನಿಗೆ ಹತ್ತಿಸುವ ಒಂದೊಂದು ಮಾಡ್ಯುಲೇಟರ್ ಯಂತ್ರ, ಒಂದೊಂದು ಫ್ರೀಕ್ವೆನ್ಸಿ. ಮೇಲಿನ ಬ್ಯಾಂಡಿಗೆ ಹಾಕಿದ ಚಾನೆಲ್ ಹಳೇ ಟಿವಿಯಲ್ಲಿ ಬರುತ್ತಲೇ ಇರಲಿಲ್ಲ. ಎಲ್ಲ ಟಿವಿಯಲ್ಲೂ ಬರುವ ಕೆಳಗಿನ ಫ್ರೀಕ್ವೆನ್ಸಿಗಳಿಗೆ, ಅಂದರೆ ಪ್ರೈಮ್ ಬ್ಯಾಂಡಿಗಾಗಿ, ಖಾಸಗಿಯವರು ದುಡ್ಡು ಹಿಡಿದು ಕ್ಯೂ ನಿಲ್ಲುತ್ತಿದ್ದರು. ಅದಕ್ಕೇ ಡಿಡಿಯನ್ನು ಪ್ರೈಮ್ ಬ್ಯಾಂಡಿನಲ್ಲೇ ಹಾಕಿ ಅಂತ ಕಾನೂನು ತಂದದ್ದು. ನಮ್ಮ ಹಳ್ಳಿಗಳ ಕಡೆ 2017ರ ಮಾರ್ಚ್ 31 ಅನಲಾಗ್‌ಗೆ, ಅಂದರೆ ಆ ಹಳೇ ಪದ್ಧತಿಗೆ, ಕೊನೆ ಗಡುವಾಗಿತ್ತು. ಈಗ ಡಿಜಿಟಲ್‌ನಲ್ಲಿ ಒಂದೇ ಫ್ರೀಕ್ವೆನ್ಸಿಯಲ್ಲಿ ಹತ್ತಕ್ಕಿಂತ ಜಾಸ್ತಿ ಚಾನೆಲ್ ತುರುಕಬಹುದು. ಎಲ್ಲಿಯ ಜಾಗದ ಬರ!

ಮೊದಲು ಬಾಕ್ಸ್ ಮತ್ತೆ ಸರ್ಚ್ ಮಾಡಿ ನೋಡಿ. ಬೇರೆ ಭಾಷೆಯವುಗಳ ಮಧ್ಯೆ ಎಲ್ಲೋ ಸಿಕ್ಕಿಕೊಂಡಿದ್ದರೂ ಇರಬಹುದು.

ಸುಂಟಿಕೊಪ್ಪ ಅಕ್ಕ:
ಹಾಗಾದರೆ ನಮ್ಮ ಕೊಡವ ಭಾಷೆ ಕಾರ್ಯಕ್ರಮ ಬರುವ ಲೋಕಲ್ ಚಾನೆಲ್? ಅದನ್ನೂ ಕೇಳಬಹುದಲ್ವಾ?

ಗೋಣಿಕೊಪ್ಪದ ಹಳೇ ಕೇಬಲ್‌ಕಾರ:
ಇಲ್ಲ ಅಕ್ಕ, ಅದು ಕೇಬಲ್‌ನವರ ಸ್ವಂತದ್ದು, ಅವರ ಇಷ್ಟ. ಬೇಸರದ ಸಂಗತಿಯೇ. ಉಳಿದ ಖಾಸಗಿ ಚಾನೆಲ್‌ಗಳ ಲೆಕ್ಕ ಬೇರೆ. ಟಿವಿ, ಫೋನ್ ಸೇವೆಗಳ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2017ರ ನಿಯಮದಲ್ಲಿ, ಚಾನೆಲ್‌ನವರು ಕೇಳಿದರೆ ಜಾಗ ಇರುವ ತನಕ ಕೇಬಲ್ ಕಂಪನಿ ಹಾಕಬೇಕು. ಅದಕ್ಕೆ ಚಾನೆಲ್‌ನವರಿಂದ ಎಸ್‌ಡಿ (ಎಚ್‌ಡಿ ಅಲ್ಲದ ಮಾಮೂಲಿ) ಚಾನೆಲ್ಲಿಗೆ ತಿಂಗಳಿಗೆ ಒಬ್ಬ ಚಂದಾದಾರನ ಲೆಕ್ಕದಲ್ಲಿ 20 ಪೈಸೆಗಿಂತ ಹೆಚ್ಚು ಕೇಳುವಂತಿಲ್ಲ.

ನಾಪೋಕ್ಲು ತೋಟದವ:
ಸರ್ಚ್ ಮಾಡಿದೆ, ಇಲ್ಲ. ಇನ್ನೊಂದು: ತಿಂಗಳ ಮೂಲ ಕೇಬಲ್ ಶುಲ್ಕ 130 ರೂಪಾಯಿ, ಮೇಲೆ ತೆರಿಗೆ ಸೇರಿ 153.40 ಇತ್ತಲ್ಲ, ಈಗ ಯಾಕೆ ಜಾಸ್ತಿ?

ಗೋಣಿಕೊಪ್ಪದ ಹಳೇ ಕೇಬಲ್‌ಕಾರ:
ಆ ಮಿತಿಯನ್ನು 2024ರಲ್ಲಿ ಟ್ರಾಯ್ ತೆಗೆದುಹಾಕಿತು. ಅದರಲ್ಲಿ ಜಗಳ ಆಡಿ ಪ್ರಯೋಜನವಿಲ್ಲ. ಚಂದನಕ್ಕೆ ಮಾತ್ರ ಬಿಡಬೇಡಿ. ಲೈನ್ ಹುಡುಗನಿಗೆ ಸುಮ್ನೆ ಬೈಯಬೇಡಿ, ಸಿಗ್ನಲ್ ಅವನ ಕೈಯಲ್ಲಿಲ್ಲ. ಸಿಗ್ನಲ್ ಕೊಡುವ ಮೇಲಿನ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆಗಲಿಲ್ಲ ಅಂದರೆ ದೂರು ವಿಚಾರಿಸುವ ಅವರ ನೋಡಲ್ ಅಧಿಕಾರಿಗೆ ಹೇಳಿ. ಅದೂ ಆಗದಿದ್ದರೆ ಮಡಿಕೇರಿಗೆ ಹೋದಾಗ ಡಿಸಿ ಆಫೀಸಿನಲ್ಲಿ ಅರ್ಜಿ ಕೊಡಿ. ಈ ಕಾಯ್ದೆಯಡಿ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗಿದೆ, ಅಂದರೆ ಡಿಸಿಗೇ. ಅರ್ಜಿಯಲ್ಲಿ ಸೆಕ್ಷನ್ 8 ಅಂತ ಬರೆಯಿರಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.