ಅಪ್‌ಡೇಟ್: ವಿಕಿಪೀಡಿಯದ ಎಡಿಟ್ ಜಗಳ ಸದ್ಯಕ್ಕೆ ನಿಂತಿದೆ

2019ರ ಕರ್ನಾಟಕ ರಾಜಕೀಯ ಬಿಕ್ಕಟ್ಟಿನ (ಶಾಸಕರ ಬಂಡಾಯದಿಂದ ಕಾಂಗ್ರೆಸ್–ಜೆಡಿಎಸ್ ಸರ್ಕಾರ ಬಿದ್ದಿದ್ದು) ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆದದ್ದನ್ನು ಒಬ್ಬರು ಅಳಿಸುತ್ತಲೇ ಇದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ‘ನೀವೂ ಅಳಿಸಿ’ ಅಂದವರೇ ಜಾಸ್ತಿ. ಆದರೆ ಅಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ರಿವರ್ಟ್ ಮಾಡಿದರೆ, ಅಂದರೆ ಬೇರೆಯವರ ಬದಲಾವಣೆ ರದ್ದು ಮಾಡಿದರೆ, ಬ್ಲಾಕ್ ಆಗಬಹುದು. ನಮ್ಮ ಮಾತೇ ಸರಿ ಇದ್ದರೂ!

ಹಾಗಾಗಿ ಆ ಲೇಖನದ ಚರ್ಚೆ ಪುಟಕ್ಕೆ ಹೋದೆ. ಬಂಡಾಯ ಶಾಸಕರು ರಾಜೀನಾಮೆ ಕೊಟ್ಟವರಾ, ಅನರ್ಹರಾದವರಾ ಅನ್ನೋದೇ ತಕರಾರು. 2019ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪಿನ ವರದಿ ಮುಂದಿಟ್ಟೆ. ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನು ಅನರ್ಹಗೊಳಿಸಿದ್ದು ಸರಿ, ಆದರೆ ಅವರು ಉಪಚುನಾವಣೆಗೆ ನಿಲ್ಲಬಹುದು ಅಂತ ಕೋರ್ಟ್ ಹೇಳಿತ್ತು. ಈಗ ಎರಡೂ ಸಂಗತಿ ಲೇಖನದಲ್ಲಿ ಉಳಿದಿವೆ. ವಿಶ್ವಾಸಮತದ 99–105 (ಸರ್ಕಾರದ ಪರ 99, ವಿರುದ್ಧ 105) ಲೆಕ್ಕಕ್ಕೆ ಮಾತ್ರ ಯಾರೂ ಕೈ ಹಾಕಲಿಲ್ಲ, ಪುಣ್ಯ. ‘ಸರ್ಕಾರ ಬಿದ್ದಿದ್ದು ಯಾರಿಂದ’ ಅನ್ನೋ ಭಾಗದ ಜಗಳ ಇನ್ನೂ ಬಾಕಿ ಇದೆ.