ಮಂಡ್ಯದಿಂದ ಗಂಗೋತ್ರಿಗೆ ದಿನಾ ಓಡಾಟವೋ, ಮೈಸೂರಲ್ಲೇ ರೂಮೋ? ದಿನದ ಲೆಕ್ಕ ಬೇಕಿತ್ತು

ದುದ್ದದ ಹುಡುಗಿ ಕೇಳಿದ್ದು:

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೀಟು ಸಿಕ್ಕಿದೆ. ಊರು ಮಂಡ್ಯ ತಾಲ್ಲೂಕು ದುದ್ದ ಕಡೆ. ಊರಿಂದ ಮಂಡ್ಯಕ್ಕೆ ಬರೋಕೇ ಅರ್ಧ ಗಂಟೆ ಮೇಲಾಗುತ್ತೆ. "ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಇರೋವಾಗ ರೂಮಿಗೆ ಯಾಕೆ ದುಡ್ಡು ಸುರೀಬೇಕು" ಅಂತ ಮನೇಲಿ. ಡಿಗ್ರಿ ಮಾಡಿದ್ದು ಕನ್ನಡ ಮಾಧ್ಯಮದಲ್ಲಿ. ಗೊತ್ತಿರೋರು ಮೂರು ವಿಷಯ ಹೇಳಿ. ದಿನಾ ಓಡಾಡಿಕೊಂಡು ಓದೋಕೆ ಆಗುತ್ತಾ? ಹಾಸ್ಟೆಲ್ ಸಿಗದಿದ್ದರೆ ಬೇರೆ ದಾರಿ ಏನು? ಅಲ್ಲಿ ಹುಡುಗರು ಹುಡುಗಿಯರು ಕ್ಲಾಸು ಬಿಟ್ಟು ಉಳಿದ ಹೊತ್ತು ಏನು ಮಾಡ್ತಾರೆ? ಕೊನೇ ಪ್ರಶ್ನೆ ತಮಾಷೆಗೆ ಕೇಳಿದ್ದಲ್ಲ.

ಕೆರೆ ಏರಿ ಬರೆದದ್ದು:

ಬಸ್ ಚಾರ್ಜನ್ನು ಪಕ್ಕಕ್ಕಿಟ್ಟು ಮೊದಲು ಗಂಟೆಗಳ ಲೆಕ್ಕ ಹಾಕಿ. ಊರಿಂದ ಮಂಡ್ಯಕ್ಕೆ 40 ನಿಮಿಷ, ಅಲ್ಲಿ ಬಸ್ಸಿಗೆ ಕಾಯೋದು 15, ಮಂಡ್ಯದಿಂದ ಮೈಸೂರಿನ 45 ಕಿಲೋಮೀಟರಿಗೆ ಊರೊಳಗಿನ ನಿಲುಗಡೆ ಸೇರಿ 75, ಸಬ್‌ಅರ್ಬನ್ ಸ್ಟ್ಯಾಂಡಿಂದ ಸಿಟಿ ಸ್ಟ್ಯಾಂಡಿಗೆ ನಡೆಯೋದು 15, ಸಿಟಿ ಬಸ್ಸಿಗೆ ಕಾದು ಗಂಗೋತ್ರಿ ಸೇರೋಕೆ 25. ಒಟ್ಟು ಎರಡು ಗಂಟೆ ಐವತ್ತು ನಿಮಿಷ. ಹೋಗಿ ಬರೋಕೆ ಐದು ಗಂಟೆ ನಲವತ್ತು. ವಾರಕ್ಕೆ ಐದು ದಿನ ಅಂದ್ರೆ 28 ಗಂಟೆ ದಾಟುತ್ತೆ.

ಈಗ ಪಾಠದ ಲೆಕ್ಕ. ಸ್ನಾತಕೋತ್ತರ ಪದವಿಗೆ 76 ಕ್ರೆಡಿಟ್, ನಾಲ್ಕು ಸೆಮಿಸ್ಟರಿಗೆ ಹಂಚಿದರೆ ತಲಾ 19. ಒಂದು ಗಂಟೆ ಉಪನ್ಯಾಸಕ್ಕೆ ಒಂದು ಕ್ರೆಡಿಟ್, ಎರಡು ಗಂಟೆ ಟ್ಯುಟೋರಿಯಲ್ ಅಥವಾ ಪ್ರಾಕ್ಟಿಕಲ್‌ಗೆ ಒಂದು. 3:1:0 (ಉಪನ್ಯಾಸ, ಟ್ಯುಟೋರಿಯಲ್, ಪ್ರಾಕ್ಟಿಕಲ್ ಕ್ರೆಡಿಟ್) ಅಂತ ಬರೆದಿರುವ ನಾಲ್ಕು ಕ್ರೆಡಿಟ್ಟಿನ ಪೇಪರು ವಾರಕ್ಕೆ ಐದು ಗಂಟೆ ತಿನ್ನುತ್ತೆ. ಎಲ್ಲ ಕೂಡಿಸಿದರೂ 22–24 ಗಂಟೆ. ಅಂದರೆ ಪಾಠಕ್ಕಿಂತ ದಾರಿಯೇ ಜಾಸ್ತಿ ಆಯ್ತು.

ನಿಮ್ಮ ಮೂರನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಗಂಗೋತ್ರಿಯ ಬದುಕು ನಡೆಯೋದು ಸಂಜೆ ನಾಲ್ಕರಿಂದ ಏಳರವರೆಗೆ. ಲೈಬ್ರರಿಯಲ್ಲಿ ಜಾಗ ಸಿಗೋದು ಆಗ, ಸೀನಿಯರ್‌ಗಳು ಹಳೇ ಪ್ರಶ್ನೆಪತ್ರಿಕೆ ಹಂಚಿಕೊಳ್ಳೋದು ಆಗ, ಟೀ ಅಂಗಡಿ ಮುಂದೆ ವಾದ ಹುಟ್ಟೋದು ಆಗ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತಾ ಅರ್ಧ ಸಿಲಬಸ್ ಚರ್ಚೆ ಮುಗಿಸೋ ಗುಂಪುಗಳಿವೆ. ದಸರೆಗೆ ಮುಂಚೆ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತೆ. ಬಹುರೂಪಿ ನಾಟಕೋತ್ಸವ ಬಂದರೆ ರಂಗಾಯಣ ಹುಣಸೂರು ರಸ್ತೆಯಲ್ಲಿ ನಡೆದು ಹೋಗೋ ದೂರ. ಮೂರೂವರೆಗೆ ಬ್ಯಾಗು ಹೆಗಲಿಗೆ ಹಾಕೋರಿಗೆ ಇದ್ಯಾವುದೂ ಕಣ್ಣಿಗೆ ಬೀಳಲ್ಲ. "ಗಂಗೋತ್ರೀಲಿ ಏನೂ ಇಲ್ಲ, ಬರೀ ಮರ" ಅನ್ನೋರಲ್ಲಿ ಹೆಚ್ಚಿನವರು ಓಡಾಡೋರೇ.

ಮೊದಲ ಸೆಮಿಸ್ಟರ್ ಆದರೂ ಮೈಸೂರಲ್ಲೇ ಇರಿ ಅನ್ನೋದು ನನ್ನ ಮಾತು. ನಾಲ್ಕನೆಯದಕ್ಕೆ ಬೇಕಾದರೆ ಓಡಾಡಬಹುದು. ಅಷ್ಟೊತ್ತಿಗೆ ಪ್ರಾಜೆಕ್ಟು, ಜನ ಎಲ್ಲ ಕೈಗೆ ಸಿಕ್ಕಿರುತ್ತೆ.

ಲೋಕಲ್ ಗಾಡಿ ಬರೆದದ್ದು:

ಮೇಲಿನವರು ಹೇಳಿದ್ದು ಬಸ್ಸಿನ ಲೆಕ್ಕ. ರೈಲಾದರೆ ಸ್ವಲ್ಪ ಕಮ್ಮಿ ಆಗುತ್ತೆ. ಮಂಡ್ಯದಿಂದ ಮೈಸೂರಿಗೆ ಪ್ಯಾಸೆಂಜರ್ ಅಥವಾ ಮೆಮು ಗಾಡೀಲಿ ಸುಮಾರು ಒಂದು ಗಂಟೆ. ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ಎಲ್ಲ ಕಡೆ ನಿಲ್ಲುತ್ತೆ. ಮೈಸೂರು ಸ್ಟೇಷನ್ನಿಂದ ಕ್ಯಾಂಪಸ್ಸಿಗೆ ಸಬ್‌ಅರ್ಬನ್ ಸ್ಟ್ಯಾಂಡಿಗಿಂತ ಹತ್ತಿರ, ಮೂರ್ನಾಲ್ಕು ಜನ ಸೇರಿದರೆ ಆಟೋನೂ ದುಬಾರಿ ಅನ್ನಿಸಲ್ಲ. ಆದರೂ ದಿನಕ್ಕೆ ನಾಲ್ಕೂವರೆ ಗಂಟೆಗೆ ಕಮ್ಮಿ ಇಲ್ಲ. ಸುಳ್ಳು ಹೇಳಲ್ಲ.

ಓಡಾಡಲೇಬೇಕು ಅನ್ನೋ ಪರಿಸ್ಥಿತಿ ಎಷ್ಟೋ ಮನೇಲಿ ಇದೆ, ಅವರು ಪಾಸಾಗದೇನೂ ಇಲ್ಲ. ಗೊತ್ತಿರಬೇಕಾದ್ದು ಇಷ್ಟು.

ಸೀಸನ್ ಪಾಸ್ ಸೆಕೆಂಡ್ ಕ್ಲಾಸ್ ಸಾಮಾನ್ಯ ಬೋಗಿಗೆ ಮಾತ್ರ. ರಿಸರ್ವೇಶನ್ ಬೋಗಿಗೆ ಹತ್ತಿ ಕೂತರೆ ಪಾಸ್ ಇದ್ದೂ ದಂಡ ಬೀಳುತ್ತೆ. ಸೂಪರ್‌ಫಾಸ್ಟ್ ಗಾಡೀಲಿ ಹೋಗೋ ಹಾಗಿದ್ದರೆ ಅದರ ಹೆಚ್ಚುವರಿ ಚಾರ್ಜು ಮೊದಲೇ ಸೇರಿಸಿ ಪಾಸ್ ಮಾಡಿಸಬೇಕು. ಹೊಸಬರು ಎಡವೋದು ಇಲ್ಲೇ. ಬೆಳಿಗ್ಗೆ ಪ್ಯಾಸೆಂಜರ್ ತಪ್ಪಿತು ಅಂತ ಹಿಂದೆ ಬಂದ ಸೂಪರ್‌ಫಾಸ್ಟಿಗೆ ಹಾರ್ತಾರೆ, ನಾಗನಹಳ್ಳಿ ದಾಟೋ ಹೊತ್ತಿಗೆ ಟಿಸಿ ಮುಂದೆ ನಿಂತಿರ್ತಾರೆ. ವಿದ್ಯಾರ್ಥಿ ರಿಯಾಯಿತಿ ಬೇಕಾದರೆ ವಿಭಾಗದ ಸಹಿ, ಸೀಲು ಇರೋ ಫಾರಂ ತಗೊಂಡು ಸ್ಟೇಷನ್ ಕೌಂಟರಿಗೇ ಹೋಗಬೇಕು. ಅಡ್ಮಿಷನ್ ಆದ ವಾರವೇ ಆಫೀಸಲ್ಲಿ ಕೇಳಿ. ಗುರುತಿನ ಚೀಟಿ ಇನ್ನೂ ಬಂದಿಲ್ಲ ಅಂತ ಎಷ್ಟೋ ಜನ ಎರಡು ತಿಂಗಳು ಪೂರ್ತಿ ದುಡ್ಡು ಕೊಡ್ತಾರೆ.

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಲ್ಲಿ, ಮೈಸೂರು ಸಿಟಿ ಬಸ್ಸಲ್ಲೂ ನಡೆಯುತ್ತೆ. ರಾಜಹಂಸ, ಐರಾವತಕ್ಕೆ ಇಲ್ಲ. ಇನ್ನೊಂದು, ಬೆಂಗಳೂರಿಂದ ಮೈಸೂರಿಗೆ ನೇರ ಹೋಗೋ ಬಸ್ಸುಗಳು ಈಗ ಬೈಪಾಸಲ್ಲೇ ಹೋಗಿಬಿಡ್ತವೆ, ಮಂಡ್ಯ ಊರೊಳಕ್ಕೆ ಬರೋದಿಲ್ಲ. ಸಂಜೆ ಮೈಸೂರಲ್ಲಿ ಹತ್ತೋವಾಗ "ಮಂಡ್ಯ ಒಳಗೆ ಹೋಗುತ್ತಾ" ಅಂತ ಕಂಡಕ್ಟರನ್ನ ಕೇಳಿಯೇ ಹತ್ತಿ. ಸ್ಕೂಟರಲ್ಲಿ ಹೋಗ್ತೀನಿ ಅಂತ ಹುಡುಗರು ಹೊರಡ್ತಾರಲ್ಲ, 2023ರ ಆಗಸ್ಟಿಂದ ದ್ವಿಚಕ್ರಕ್ಕೆ ಹೈವೇ ಮುಖ್ಯ ಪಥ ನಿಷೇಧ. ಸರ್ವಿಸ್ ರಸ್ತೇಲಿ ಉಬ್ಬು ಹಾರಿಕೊಂಡು ಬರಬೇಕು.

ಹಾಜರಾತಿ ಲೆಕ್ಕ ಮರೆತರೆ ಕೆಲಸ ಕೆಡುತ್ತೆ. 75 ಶೇಕಡ ಅನ್ನೋದು ಎಲ್ಲ ಪೇಪರು ಸೇರಿಸಿ ಅಲ್ಲ, ಪೇಪರು ಪೇಪರಿಗೆ ಬೇರೆ ಬೇರೆ. ವಾರಕ್ಕೆ ಮೂರು ಕ್ಲಾಸಿನ ಪೇಪರು 16 ವಾರಕ್ಕೆ 48 ಕ್ಲಾಸು. ತಪ್ಪಿಸಿಕೊಳ್ಳಬಹುದಾದ್ದು 12. ಗಾಡಿ ತಡ ಅಂತ ವಾರಕ್ಕೆ ಒಂದೇ ಒಂದು ಮೊದಲ ಗಂಟೆ ಹೋದರೂ 16 ಹೋಯ್ತು, ನೀವು 67ಕ್ಕೆ ಇಳಿದಿರಿ. ಒಟ್ಟು ಹಾಜರಾತಿ 90 ಇದ್ದರೂ ಆ ಒಂದು ಪೇಪರು ಕೈಬಿಡುತ್ತೆ. ಅದಕ್ಕೇ ವೇಳಾಪಟ್ಟಿ ಬಂದ ದಿನವೇ ಯಾವ ಪೇಪರು ಬೆಳಿಗ್ಗೆ ಮೊದಲ ಗಂಟೇಲಿ ಎಷ್ಟು ಸಲ ಇದೆ ನೋಡಿಕೊಳ್ಳಿ. ಸಾಫ್ಟ್ ಕೋರ್, ಓಪನ್ ಎಲೆಕ್ಟಿವ್ ಅನ್ನೋ ಆಯ್ಕೆಯ ಪೇಪರು ಆರಿಸೋವಾಗ ವಿಷಯದ ಜೊತೆ ಗಂಟೇನೂ ನೋಡಿ ಆರಿಸಬಹುದು.

ಆರ್‌ಡಿ ನಂಬರ್ ಬರೆದದ್ದು:

ಹಾಸ್ಟೆಲ್ ವಿಚಾರ. ಮುಖ್ಯವಾಗಿ ಮೂರು ಬಗೆ ಇದೆ, ಒಂದನ್ನೇ ನಂಬಿ ಕೂರಬೇಡಿ. ವಿಶ್ವವಿದ್ಯಾನಿಲಯದ್ದೇ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೇದು, ಹಿಂದುಳಿದ ವರ್ಗಗಳ ಇಲಾಖೇದು (ಎಲ್ಲರ ಬಾಯಲ್ಲೂ ಬಿಸಿಎಂ ಹಾಸ್ಟೆಲ್). ಇಲಾಖೆಯವುಕ್ಕೆ ಅರ್ಜಿ ಆನ್‌ಲೈನಲ್ಲಿ, ಕೊನೇ ದಿನ ದಾಟಿದರೆ ವಾರ್ಡನ್ ಕಾಲು ಹಿಡಿದರೂ ಪ್ರಯೋಜನ ಇಲ್ಲ. ಅಡ್ಮಿಷನ್ ಪೂರ್ತಿ ಆಗಲಿ ಅಂತ ಕಾಯೋರು ಅಲ್ಲೇ ಸೋಲ್ತಾರೆ.

ಹಾಸ್ಟೆಲ್ ಸಿಗದೆ ಹೊರಗಡೆ ರೂಮಲ್ಲಿ ಇರೋ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ, ಊಟ ವಸತಿಗೆ ನೆರವು. ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 ರೂಪಾಯಿ ಅಂತ ಶುರುವಾದದ್ದು. ಅರ್ಜಿ ಹಾಕೋವಾಗ ಈ ವರ್ಷದ ಮೊತ್ತ, ಆದಾಯ ಮಿತಿ ಎರಡನ್ನೂ ನೋಡಿಕೊಳ್ಳಿ. ಇದು ಮನೆಯಿಂದ ಓಡಾಡೋರಿಗೆ ಅಲ್ಲ. ಮನೇಲಿ "ಫ್ರೀ ಬಸ್ಸು" ಅಂದಾಗ ಈ ಲೆಕ್ಕವನ್ನೂ ಮುಂದಿಡಿ.

ಅರ್ಜಿ ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ) ಪೋರ್ಟಲಲ್ಲಿ. ದುಡ್ಡು ಬರದೆ ಇರೋಕೆ ಕಾರಣಗಳು ಪ್ರತಿ ವರ್ಷ ಅವೇ. ಆಧಾರ್‌ನಲ್ಲಿ ಇರೋ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹೆಸರಿಗೂ ಇನಿಷಿಯಲ್ ವ್ಯತ್ಯಾಸ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರೋದು: ಐದು ವರ್ಷ ಅಷ್ಟೇ, ಪಿಯುಸಿಗೆ ಮಾಡಿಸಿದ್ದು ಎಂ.ಎ. ಹೊತ್ತಿಗೆ ಸತ್ತಿರುತ್ತೆ. ನಾಡಕಚೇರೀಲಿ ಹೊಸದು ಮಾಡಿಸಿ ಅದರ ಮೇಲಿರೋ ಆರ್‌ಡಿ ನಂಬರ್ ಹಾಕಬೇಕು. ಇನ್ನು ಎಲ್ಲರೂ ಬೀಳೋ ಗುಂಡಿ ಬ್ಯಾಂಕು. ಖಾತೆಗೆ ಆಧಾರ್ "ಲಿಂಕ್" ಆಗಿದ್ದರೆ ಸಾಲದು, ಬ್ಯಾಂಕುಗಳ ಪಾವತಿ ನೋಡಿಕೊಳ್ಳೋ ಎನ್‌ಪಿಸಿಐನಲ್ಲಿ "ಸೀಡ್" ಆಗಿರಬೇಕು, ಅಂದರೆ ಸರ್ಕಾರದ ದುಡ್ಡು ಈ ಖಾತೆಗೆ ಅಂತ ದಾಖಲಾಗಿರಬೇಕು. ಎರಡು ಖಾತೆ ಇದ್ದರೆ ದುಡ್ಡು ಕೊನೆಗೆ ಸೀಡ್ ಆದ ಖಾತೆಗೇ ಹೋಗುತ್ತೆ, ಅದು ಯಾವಾಗಲೋ ತೆಗೆದು ಮರೆತ ಖಾತೆ ಆಗಿರುತ್ತೆ. ಆಧಾರ್ ಜಾಲತಾಣಕ್ಕೆ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಯಾವ ಬ್ಯಾಂಕು ಅಂತ ತೋರಿಸುತ್ತೆ. ಅರ್ಜಿಗೆ ಮುಂಚೆ ನೋಡಿ, ಆಮೇಲಲ್ಲ.

ಒಂದು ಮಾತು: ಮೊದಲ ವರ್ಷದ ದುಡ್ಡು ಬಾಡಿಗೆ ಕಟ್ಟೋ ಹೊತ್ತಿಗೆ ಬರುತ್ತೆ ಅಂತ ಲೆಕ್ಕ ಹಾಕಬೇಡಿ. ತಡ ಆಗುತ್ತೆ. ಅಡ್ವಾನ್ಸು, ಮೊದಲ ನಾಲ್ಕು ತಿಂಗಳ ಬಾಡಿಗೆ ಕೈಯಲ್ಲಿ ಇಟ್ಟುಕೊಂಡೇ ರೂಮು ಹಿಡಿಯಿರಿ.

ಉಪ್ಸಾರು ಬರೆದದ್ದು:

ರೂಮು ಹುಡುಕೋಕೆ ಪಡುವಾರಹಳ್ಳಿಯಿಂದ ಶುರು ಮಾಡಮ್ಮ. ಗಂಗೋತ್ರಿ ಕಾಂಪೌಂಡಿಗೆ ಅಂಟಿಕೊಂಡಿದೆ, ವಿದ್ಯಾರ್ಥಿಗಳಿಗೆ ಕೊಟ್ಟು ರೂಢಿ ಇರೋ ಮನೆಗಳು, ನಡೆದೇ ಹೋಗಬಹುದು. ಸರಸ್ವತಿಪುರಂ ಚೆನ್ನಾಗಿದೆ, ಬಾಡಿಗೆನೂ ಹಾಗೇ. ಬೋಗಾದಿ ಕಡೆ ಸ್ವಲ್ಪ ಒಳಗೆ ಹೋದರೆ ಕಮ್ಮಿಗೆ ಸಿಗುತ್ತೆ, ಕತ್ತಲಾದ ಮೇಲೆ ಲೈಬ್ರರಿಯಿಂದ ಬರೋ ದಾರೀಲಿ ಬೀದಿದೀಪ ಇದೆಯಾ ಅಂತ ಸಂಜೆ ಏಳಕ್ಕೆ ಒಂದು ಸಲ ನಡೆದು ನೋಡು. ಹಗಲು ನೋಡಿ ಅಡ್ವಾನ್ಸ್ ಕೊಡಬೇಡ. ನೀರು ಬೋರಿಂದೋ ಕಾವೇರಿಯೋ, ಕರೆಂಟು ಮೀಟರ್ ಬೇರೆಯೋ, ಅಡುಗೆಗೆ ಬಿಡ್ತಾರೋ ಇಲ್ವೋ, ಇವಿಷ್ಟು ಬಾಯಿಬಿಟ್ಟು ಕೇಳು.

ಇಬ್ಬರು ಸೇರಿ ಬೇಯಿಸಿಕೊಂಡರೆ ಮೆಸ್ಸಿಗಿಂತ ಅಗ್ಗ. ಒಂದು ಹೊತ್ತು ಅನ್ನ, ರಾತ್ರಿ ಮುದ್ದೆ ಅಂದರೆ ತಿಂಗಳಿಗೆ ಇಬ್ಬರಿಗೆ ಅಕ್ಕಿ 9–10 ಕೆಜಿ, ರಾಗಿ ಹಿಟ್ಟು 6 ಕೆಜಿ. ಅಕ್ಕಿ ಊರಿಂದ ಒಟ್ಟಿಗೆ ತರಬಹುದು, ಹಿಟ್ಟು ಮಾತ್ರ ಹದಿನೈದು ದಿನಕ್ಕೆ ಆಗೋಷ್ಟೇ ತಾ. ಮಳೆಗಾಲದಲ್ಲಿ ಮುಗ್ಗಲು ವಾಸನೆ ಬಂದು ಮುದ್ದೆ ಕಹಿ ಆಗುತ್ತೆ. ಅಡುಗೆ, ಪಾತ್ರೆ ಸೇರಿ ದಿನಕ್ಕೆ ಒಂದೂಕಾಲು ಗಂಟೆ ಹಿಡಿಯುತ್ತೆ. ಬಸ್ಸಲ್ಲಿ ನಿಲ್ಲೋ ಐದೂವರೆಗೆ ಹೋಲಿಸಿದರೆ ಏನೂ ಅಲ್ಲ.

ಇನ್ನು ಯಾರೂ ಹೇಳದೆ ಬಿಟ್ಟ ವಿಷಯ, ಮನಸ್ಸು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲ ಆರು ವಾರ ಕಷ್ಟ. ವಿಷಯ ಗೊತ್ತಿರುತ್ತೆ, ಹೆಸರು ಗೊತ್ತಿರಲ್ಲ. ಪಿಯುಸೀಲಿ ಓದಿದ ಸೀಮಾಂತ ತುಷ್ಟಿಗುಣವೇ ಇಲ್ಲಿ ಮಾರ್ಜಿನಲ್ ಯುಟಿಲಿಟಿ, ಔದಾಸೀನ್ಯ ವಕ್ರರೇಖೆಯೇ ಇಂಡಿಫರೆನ್ಸ್ ಕರ್ವ್. ನೂರು ಪುಟದ ನೋಟ್‌ಬುಕ್ ತಗೊಂಡು ಎಡಕ್ಕೆ ಕನ್ನಡ ಪದ, ಬಲಕ್ಕೆ ಕ್ಲಾಸಲ್ಲಿ ಕೇಳಿದ ಪದ ಬರೆಯುತ್ತಾ ಹೋಗು, ದಿನಕ್ಕೆ ಎಂಟು ಹತ್ತು. ಮುನ್ನೂರು ಪದ ತುಂಬೋ ಹೊತ್ತಿಗೆ ಪಾಠ ಕಿವಿಗೆ ಹತ್ತುತ್ತೆ. ಗಣಿತ ಬಿಟ್ಟು ಬಂದಿದ್ದರೆ ಡೆರಿವೇಟಿವ್ ಮೊದಲ ತಿಂಗಳಲ್ಲೇ ಕಲಿತುಬಿಡು, ಮೈಕ್ರೋ ಪೇಪರು ನಿಲ್ಲೋದೇ ಅದರ ಮೇಲೆ. ಪರೀಕ್ಷೆ ಕನ್ನಡದಲ್ಲಿ ಬರೆಯಬಹುದಾ ಅಂತ ವಿಭಾಗದಲ್ಲಿ ಮೊದಲ ವಾರವೇ ಕೇಳು, ನಾಚಿಕೊಳ್ಳೋಕೆ ಅದರಲ್ಲಿ ಏನೂ ಇಲ್ಲ. ಆ ಜಾಗಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೇ ಕುವೆಂಪು.

ಬೇಜಾರು ಜಾಸ್ತಿ ಆಗೋದು ಎರಡು ಸಲ. ಒಂದು, ಎಂಟನೇ ವಾರ ಸಿ1 (ಮೊದಲ ಆಂತರಿಕ ಮೌಲ್ಯಮಾಪನ) ಅಂಕ ಬಂದಾಗ. ಅದು 15 ಶೇಕಡ ಅಷ್ಟೇ, ಸಿ2 ಇನ್ನೊಂದು 15, ಕೊನೇ ಪರೀಕ್ಷೆಗೆ 70 ಉಳಿದಿದೆ ಅನ್ನೋದು ಆ ದಿನ ಯಾರಿಗೂ ನೆನಪಿರಲ್ಲ. ಎರಡು, ದಸರಾ ರಜೆ ಮುಗಿಸಿ ಊರಿಂದ ವಾಪಸ್ ಬಂದ ಸೋಮವಾರ. ಆ ವಾರ ರೂಮಲ್ಲಿ ಫೋನ್ ಹಿಡಿದು ಒಬ್ಬಳೇ ಮಲಗಬೇಡ. ಎರಡು ವಾರ ಆದರೂ ನಿದ್ದೆ ಊಟ ಸರಿಹೋಗದಿದ್ದರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ದುದ್ದದ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಅಪ್ಪಂಗೆ 28 ಗಂಟೆ ಲೆಕ್ಕ ತೋರಿಸಿದೆ. "ವಾರಕ್ಕೆ ಎರಡು ದಿನ ಮೈಸೂರು, ಮೂರು ದಿನ ಮನೆ ಮಾಡು" ಅಂತಿದ್ದಾರೆ. ಅದು ನಡೆಯುತ್ತಾ?

ಲೋಕಲ್ ಗಾಡಿ:

ಸೀನಿಯರ್ ರೂಮಲ್ಲಿ ಮೂರನೆಯವಳಾಗಿ ಹಂಚಿಕೊಂಡರೆ ನಡೆಯುತ್ತೆ, ಪೂರ್ತಿ ಬಾಡಿಗೆ ಕಟ್ಟಿ ಎರಡು ರಾತ್ರಿ ಇರೋದಾದರೆ ನಷ್ಟ. ಮಾಡೋದಾದರೆ ಮಂಗಳವಾರ, ಬುಧವಾರ ರಾತ್ರಿ ಇಟ್ಟುಕೊಳ್ಳಿ, ಆಗ ಬುಧವಾರ ಗುರುವಾರದ ಮೊದಲ ಗಂಟೆ ಎರಡೂ ಉಳಿಯುತ್ತೆ, ಎರಡು ಸಂಜೆ ಲೈಬ್ರರಿಗೂ ಸಿಗುತ್ತೆ. ಓಡಾಟ ಐದು ದಿನದ ಬದಲು ಮೂರಕ್ಕೆ ಇಳಿದು ಬಸ್ಸಲ್ಲಾದರೆ ವಾರಕ್ಕೆ 17 ಗಂಟೆ, ರೈಲಲ್ಲಾದರೆ ಹದಿನಾಲ್ಕರ ಹತ್ತಿರ.

ಉಪ್ಸಾರು:

ವಿದ್ಯಾಸಿರಿ ಹಾಕ್ತೀಯಾದರೆ ಈ ಅರ್ಧಂಬರ್ಧ ಬೇಡ. ಬಾಡಿಗೆ ಕರಾರು ನಿನ್ನ ಹೆಸರಲ್ಲಿ ಇರಲಿ. ಅಪ್ಪನ್ನ ಒಂದು ಸಂಜೆ ಕರಕೊಂಡು ಬಂದು ಪಡುವಾರಹಳ್ಳಿ ಮನೆ ತೋರಿಸು, ಓನರಮ್ಮನ ಹತ್ತಿರ ಮಾತಾಡಿಸು. ಫೋನಲ್ಲಿ ಒಪ್ಪದೋರು ಅಲ್ಲಿ ಕಾಫಿ ಕುಡಿದ ಮೇಲೆ ಒಪ್ತಾರೆ.