ಈ ಸಲ ಸಂಕಲ್ಪ ಡೈರಿಯಲ್ಲಿ ಬೇಡ, ಬೇರೆ ದಾರಿ ಹೇಳಿ

ದಾವಣಗೆರೆಯಿಂದ ಒಂದು ಪ್ರಶ್ನೆ

ಮೊನ್ನೆ ಮೂರು ಹಳೆಯ ಡೈರಿಗಳನ್ನು ರದ್ದಿಗೆ ಹಾಕುವ ಮೊದಲು ತೆರೆದು ನೋಡಿದೆ. ಮೂರರಲ್ಲೂ ಮೊದಲ ಪುಟದ ಪಟ್ಟಿ ಒಂದೇ: ಬೆಳಿಗ್ಗೆ ಐದೂವರೆಗೆ ಏಳುವುದು, ಸಕ್ಕರೆ ಬಿಡುವುದು, ತಿಂಗಳಿಗೆ ಎರಡು ಪುಸ್ತಕ ಓದುವುದು. ಒಂದರಲ್ಲಿ ಬರಹ ಜನವರಿ 9ಕ್ಕೆ ನಿಂತಿದೆ, ಇನ್ನೊಂದರಲ್ಲಿ 6ಕ್ಕೆ. ಕಳೆದ ವರ್ಷದ್ದರಲ್ಲಿ ಪಟ್ಟಿಯಾದ ಮೇಲೆ ನೇರವಾಗಿ ಗ್ಯಾಸ್ ಸಿಲಿಂಡರ್ ಬಂದ ದಿನಾಂಕ. ಮನೆಯಲ್ಲಿ ನಾನು, ಯಜಮಾನರು, ಹತ್ತು ವರ್ಷದ ಮಗಳು, ಅತ್ತೆ ಇದ್ದೇವೆ. ನಾಲ್ವರೂ ನಗುನಗುತ್ತಾ ಗುರಿ ಹಾಕಿಕೊಳ್ಳುವಂಥ ದಾರಿ ಇದ್ದರೆ ತಿಳಿಸಿ. ನೀವೇ ಮಾಡಿ ನೋಡಿದ್ದು ಬೇಕು, ಎಲ್ಲೋ ಓದಿದ್ದು ಬೇಡ.

ಮೈಸೂರಿನಿಂದ

ನಿಮ್ಮ ಮನೆಯಲ್ಲೂ ನಾಲ್ವರೇ ಇರುವುದರಿಂದ ನಮ್ಮ ಲೆಕ್ಕ ನಿಮಗೂ ಸರಿಹೊಂದುತ್ತದೆ. ನಾವು ಚೌಕಾಬಾರ ಬರೆದು ಅದರೊಳಗೆ ಗುರಿಗಳನ್ನು ತುಂಬಿದೆವು. ಒಂದು ಡ್ರಾಯಿಂಗ್ ಹಾಳೆಯ ಮೇಲೆ ಐದೈದರಂತೆ 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಟ್ಟನಡುವೆ ಒಂದು. ಹೊರಸುತ್ತಿನಲ್ಲಿ ಕತ್ತರಿ ಗುರುತು ಹಾಕುವ ನಾಲ್ಕು ಮನೆಗಳನ್ನು ಖಾಲಿ ಬಿಟ್ಟೆವು, ಅಲ್ಲಿಗೆ ಬಂದವರಿಗೆ ಆ ವಾರ ರಜೆ. ಉಳಿದ 12ಕ್ಕೆ ಒಬ್ಬೊಬ್ಬರೂ ಒಂದೇ ದಿನದಲ್ಲಿ ಮುಗಿಯುವ ಮೂರು ಮೂರು ಕೆಲಸ ಬರೆದೆವು. ಒಳಸುತ್ತಿಗೆ ತಿಂಗಳು ಹಿಡಿಯುವಂಥವು, ತಲೆಗೆ ಎರಡು. ನಡುಮನೆಯಲ್ಲಿ ಇಡೀ ಮನೆಗೆ ಸೇರಿದ ಒಂದು ಆಸೆ: ಎಲ್ಲರೂ ಒಟ್ಟಿಗೆ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲಿ ಹತ್ತುವುದು.

ಭಾನುವಾರ ರಾತ್ರಿ ಊಟ ಮುಗಿಸಿ ಕವಡೆ ಹಾಕುತ್ತೇವೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲಾದರೆ ಬಾರ, ಎಂಟು ಮನೆ. ಕಾಯಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಬರೆದ ಕೆಲಸ ಆ ವಾರದ್ದು, ಯಾರು ಬರೆದಿದ್ದರೂ ಸರಿ. ಮಜಾ ಇರುವುದೇ ಇಲ್ಲಿ. ನಾನು ಬರೆದ "ರವಿಕೆಗೆ ಹುಕ್ಕು ಹಚ್ಚುವುದು" ಮಗನ ಪಾಲಿಗೆ ಬಂತು. ಮಗ ಬರೆದ "ಸೈಕಲ್ ಚೈನ್ ಹಾಕುವುದನ್ನು ಕಲಿಯಬೇಕು" 74 ವರ್ಷದ ಮಾವನವರ ಪಾಲಿಗೆ. ಅವರು ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಪಂಚೆಗೆ ಗ್ರೀಸ್ ಮೆತ್ತಿಕೊಂಡು, ಮೊಮ್ಮಗನಿಗೂ ಕಲಿಸಿಯೇ ಎದ್ದರು. ಎದುರಾಳಿಯ ಕಾಯಿಯನ್ನು ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮವಿದೆಯಲ್ಲ, ಅದನ್ನು ತಿರುಚಿ, ಇನ್ನೊಬ್ಬರು ಬರೆದ ಕೆಲಸ ಒಂದನ್ನಾದರೂ ಮುಗಿಸದೆ ಒಳಗೆ ಹೋಗುವಂತಿಲ್ಲ ಎಂದು ಮಾಡಿಕೊಂಡೆವು.

ಅಕ್ಟೋಬರಿನಲ್ಲಿ ಮಗನ ಕಾಯಿ ನಡುಮನೆ ಸೇರಿ ಹಣ್ಣಾಯಿತು, ಬೆಟ್ಟಕ್ಕೆ ಹೊರಟೆವು. ಮಾವನವರು ನಂದಿಯವರೆಗೆ ಹತ್ತಿ, "ನನ್ನ ಹಣ್ಣು ಇಷ್ಟೇ" ಎಂದು ನೆರಳಿನಲ್ಲಿ ಕುಳಿತರು. ಒಂದು ಎಚ್ಚರಿಕೆ: ನಿಮ್ಮ ಮಗಳು ಕವಡೆ ಹಾಕುವಾಗ ಮೋಸ ಮಾಡುತ್ತಾಳೆ. ಯಾವ ಮನೆಯ ಮಕ್ಕಳೂ ಇದಕ್ಕೆ ಹೊರತಲ್ಲ.

ಹುಬ್ಬಳ್ಳಿಯಿಂದ

ನಾವು ತಂಬೋಲಾ ಚೀಟಿಯ ಹಾಗೆ ಮಾಡಿದ್ದೆವು, ಸಾಲು ತುಂಬಿದವರಿಗೆ ಬಹುಮಾನ. ಬಹುಮಾನಕ್ಕೆ ಮೈಸೂರು ಪಾಕ್ ಇಟ್ಟದ್ದು ನನ್ನದೇ ತಪ್ಪು. ಮೊದಲು ಗೆದ್ದವನು ಸಕ್ಕರೆ ಬಿಡುತ್ತೇನೆ ಎಂದು ಬರೆದಿದ್ದ ನನ್ನ ತಮ್ಮ.

ಹಾವೇರಿ ಕಡೆಯಿಂದ

ವರ್ಷಕ್ಕೆ ಗುರಿ ಇಟ್ಟರೆ ಅಳತೆ ಸಿಗುವುದಿಲ್ಲ, ವಾರಕ್ಕೆ ಇಟ್ಟರೆ ಉಸಿರಾಡಲು ಬಿಡುವುದಿಲ್ಲ. ನಮ್ಮ ಅಪ್ಪ ಹೊಲದ ಕೆಲಸವನ್ನೆಲ್ಲ ಮಳೆ ನಕ್ಷತ್ರದಲ್ಲಿ ಲೆಕ್ಕ ಹಾಕುತ್ತಿದ್ದರು. ನಾನು ಬ್ಯಾಂಕಿನ ಕೆಲಸದವನು, ಹೊಲ ಈಗ ಅಣ್ಣನ ಕೈಯಲ್ಲಿದೆ, ಆದರೆ ಈ ಲೆಕ್ಕವನ್ನು ಮಾತ್ರ ನಾನು ಉಳಿಸಿಕೊಂಡೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು 13–14 ದಿನ, ವರ್ಷಕ್ಕೆ 27. ಪಂಚಾಂಗದಲ್ಲಿ ಯಾವುದು ಯಾವತ್ತು ಹುಟ್ಟುತ್ತದೆ ಎಂದು ಅಚ್ಚಾಗಿರುತ್ತದೆ. ಜನವರಿ 1 ಪೂರ್ವಾಷಾಢದ ನಡುವೆ ಬರುತ್ತದೆ, ಅಶ್ವಿನಿ ಏಪ್ರಿಲ್ ನಡುವಿಗೆ. ಒಂದು ಮಳೆಗೆ ಒಂದೇ ಗುರಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು.

ಈ ವರ್ಷ ಮೃಗಶಿರಾದಲ್ಲಿ ಬೆಳಗಿನ ನಡಿಗೆ ಶುರುಮಾಡಿದೆ. ಆರಿದ್ರಾದಲ್ಲಿ ಮದುವೆ, ಮುಂಜಿ, ನೆಗಡಿ ಎಂದು ಎಲ್ಲವೂ ಕೊಚ್ಚಿಹೋಯಿತು. ಪುನರ್ವಸುವಿನಲ್ಲಿ ಮತ್ತೆ ಹಿಡಿದೆ. ಡೈರಿಯಾಗಿದ್ದರೆ ಜೂನ್‌ನಲ್ಲಿ ಬಿಟ್ಟದ್ದನ್ನು ಮುಂದಿನ ಜನವರಿಗೇ ನೋಡುತ್ತಿದ್ದೆ. ಒಂದು ಮಳೆ ಕೈಕೊಟ್ಟಿತೆಂದು ನಮ್ಮ ಕಡೆ ಯಾರೂ ಹೊಲ ಮಾರುವುದಿಲ್ಲ, ಮುಂದಿನ ಮಳೆ ಯಾವಾಗ ಎಂದು ಕೇಳುತ್ತಾರೆ.

ಮಂಡ್ಯದಿಂದ

ಜನವರಿ ಒಂದಕ್ಕೇ ಯಾಕೆ ಗಂಟುಬೀಳುತ್ತೀರಿ? ನಮ್ಮ ಕಡೆ ಯುಗಾದಿಯ ಮಾರನೆಯ ದಿನ ವರ್ಷತೊಡಕು. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ. ಅಜ್ಜಿ ಆ ದಿನ ಮಕ್ಕಳಿಗೆ ಹೊಡೆಯುತ್ತಿರಲಿಲ್ಲ, ಯಾರಿಗೂ ಸಾಲ ಕೊಡುತ್ತಿರಲಿಲ್ಲ. ಊರಿಗೆ ಊರೇ ಬಾಡೂಟ ಉಣ್ಣುವುದೂ ವರ್ಷವಿಡೀ ಅದು ಸಿಗಲಿ ಎಂದೇ ಇರಬೇಕು. ನಾನು ನಾಲ್ಕು ವರ್ಷದಿಂದ ಆ ದಿನ, ವರ್ಷದಲ್ಲಿ ಮಾಡಬೇಕೆಂದಿರುವ ಪ್ರತಿಯೊಂದನ್ನೂ ಹತ್ತು ಹತ್ತು ನಿಮಿಷ ಮಾಡುತ್ತೇನೆ: ಓದು, ಕೊಳಲು, ಹಿತ್ತಲಲ್ಲಿ ಒಂದು ಗಿಡ, ಮಾತು ಬಿಟ್ಟ ನೆಂಟರಿಗೆ ಒಂದು ಫೋನು. ಆಮೇಲೆ ಊಟ. ನಾಲ್ಕು ವರ್ಷದಲ್ಲಿ ತಪ್ಪದೆ ನಡೆದದ್ದು ಊಟವೊಂದೇ ಎಂದು ಹೆಂಡತಿಯ ಅಭಿಪ್ರಾಯ. ಆದರೆ ಕೊಳಲಿನಲ್ಲಿ ಈಗ ಸರಳೆ ವರಸೆ ಬರುತ್ತದೆ.

2026ರಲ್ಲಿ ಯುಗಾದಿ ಮಾರ್ಚ್ 19ಕ್ಕೆ. ಜನವರಿಯಲ್ಲಿ ಕೈತಪ್ಪಿದರೆ ಅಲ್ಲಿ ಹಿಡಿಯಬಹುದು. ಅಂದು ಶುರುವಾಗುವ ಸಂವತ್ಸರದ ಹೆಸರು ಪರಾಭವ ಎಂದು ನನ್ನ ಭಾವಮೈದುನ ಈಗಲೇ ನೆಪ ಹುಡುಕಿಟ್ಟುಕೊಂಡಿದ್ದಾನೆ.

ಧಾರವಾಡದಿಂದ

ನಾನೂ ತಂಗಿಯೂ ಮಾಡಿದ್ದು ಹೇಳುತ್ತೇನೆ. 50 ಪೈಸೆಯ ಅಂಚೆ ಕಾರ್ಡು ಒಬ್ಬೊಬ್ಬರಿಗೆ 12ರಂತೆ ತಂದೆವು, ತಲೆಗೆ ಆರು ರೂಪಾಯಿ ಖರ್ಚು. ಪ್ರತಿಯೊಂದರ ಮೇಲೂ ನಮ್ಮದೇ ವಿಳಾಸ, ಹಿಂದೆ ನಮಗೆ ನಾವೇ ಕೇಳಿಕೊಳ್ಳುವ ಒಂದು ಪ್ರಶ್ನೆ. ಕಟ್ಟನ್ನು ಅದಲುಬದಲು ಮಾಡಿಕೊಂಡು, ತಿಂಗಳಿಗೊಂದನ್ನು ಮನಸ್ಸಿಗೆ ಬಂದ ದಿನ ಡಬ್ಬಿಗೆ ಹಾಕುವುದು. ಬರೆದದ್ದು ಮರೆತೇಹೋಗಿರುವಾಗ ನನ್ನದೇ ಕೈಬರಹದಲ್ಲಿ "ಹೊಲಿಗೆ ಯಂತ್ರದ ಮೇಲಿನ ಬಟ್ಟೆ ತೆಗೆದೆಯಾ?" ಎಂದು ಬಂದಾಗ ನಾಚಿಕೆಯಾಗುತ್ತದೆ. ಅದು ಕಾರ್ಡು, ಲಕೋಟೆಯಲ್ಲ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಮುಂದಿನ ವಾರ ಅಂಚೆಯಣ್ಣ ಗೇಟಿನಲ್ಲೇ ನಿಂತು, "ಅಕ್ಕಾವರೇ, ಹೊಲಿಗೆ ಶುರುವಾಯಿತೇ?" ಎಂದು ಕೇಳಿದ. ಅವನ ಕಾಟಕ್ಕೆ ಎರಡು ಪರಕಾರ, ಅಂದರೆ ಲಂಗ, ಹೊಲಿದೆ.

ದಾವಣಗೆರೆಯಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಮೈಸೂರಿನ ಅಕ್ಕ ಹೇಳಿದ ಹಾಗೆ ನಿನ್ನೆ ಹಾಳೆ ಹರಡಿದೆವು. ಮಗಳು ಹೊರಸುತ್ತಿನ ತನ್ನ ಮೂರೂ ಮನೆಗೆ ಐಸ್‌ಕ್ರೀಮ್ ಎಂದು ಬರೆದು ಜಗಳ ತೆಗೆದಳು, ಒಂದಕ್ಕೆ ಒಪ್ಪಿಸಿದೆವು. ಯಜಮಾನರು "ಐದೂವರೆಗೆ ಏಳುವುದು" ಎಂದು ಬರೆದರು. ಅದು ನನ್ನ ಡೈರಿಯಿಂದ ಕದ್ದದ್ದು, ಇರಲಿ.

ನಡುಮನೆಗೆ ಏನು ಬರೆಯೋಣ ಎಂದು ಅತ್ತೆಯನ್ನು ಕೇಳಿದೆ. ದೇವಸ್ಥಾನವೋ ಮೊಮ್ಮಗಳ ಓದೋ ಹೇಳುತ್ತಾರೆ ಎಂದುಕೊಂಡಿದ್ದೆ. ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ, "ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲ ಅಂತಾರಲ್ಲ, ಹಂಪಿಗೆ ಹೋಗಿಬರೋಣ. ಗಂಡಸರನ್ನು ಕರೆದುಕೊಂಡು ಹೋಗುವುದು ಬೇಡ" ಎಂದರು. ಯಜಮಾನರು ಪೆನ್ನು ಹಿಡಿದವರು ಹಾಗೇ ಕುಳಿತರು. ಬರೆದದ್ದು ಮಗಳು.

ಮನೆಯಲ್ಲಿ ಕವಡೆ ಇಲ್ಲ. ಅತ್ತೆ ಹೇಳಿಕೊಟ್ಟಂತೆ ಮಗಳು ಬೆಳಗಿನಿಂದ ಹಿತ್ತಲ ಕಲ್ಲಿನ ಮೇಲೆ ಹುಣಸೆಬೀಜಗಳ ಒಂದು ಮಗ್ಗುಲನ್ನು ಬೆಳ್ಳಗಾಗುವವರೆಗೆ ತಿಕ್ಕುತ್ತಿದ್ದಾಳೆ. ಮೂರು ಆಗಿವೆ, ಇನ್ನೊಂದು ಬಾಕಿ.